ಬರುವವನಿಗಾಗಿ ಅಂಗಳ ಗುಡಿಸುವುದು

ಮನೆಗೆ ಯಾರೋ ಬರುತ್ತಾರೆಂದು ತಿಳಿದರೆ ನಾವು ಮೊದಲು ಹಿಡಿಯುವುದು ಪೊರಕೆಯನ್ನು. ಆದರೆ ಗುಡಿಸುವುದರಲ್ಲಿಯೂ ಎರಡು ಬಗೆಯಿದೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಮೊದಲನೆಯ ಬಗೆ ಚೆನ್ನಾಗಿ ಗೊತ್ತು. ಇನ್‌ಸ್ಪೆಕ್ಷನ್ ಇದೆಯೆಂಬ ಸುದ್ದಿ ಬಂದರೆ ಸಾಕು, ಕಪಾಟಿನ ಮೇಲಿನ ಜೇಡರಬಲೆಯ ಆಯುಷ್ಯ ಮುಗಿಯುತ್ತದೆ. ಹಾಜರಿ ಪುಸ್ತಕದ ಲೆಕ್ಕ ಸರಿಹೋಗುತ್ತದೆ, ಪಾಠ ಟಿಪ್ಪಣಿಗೆ ಮುಖ್ಯೋಪಾಧ್ಯಾಯರ ಸಹಿ ಬೀಳುತ್ತದೆ, ವರ್ಷವಿಡೀ ಸುರುಳಿ ಸುತ್ತಿ ಮೂಲೆಯಲ್ಲಿ ನಿಂತಿದ್ದ ಭಾರತದ ನಕಾಶೆ ಗೋಡೆಗೆ ಏರುತ್ತದೆ. ಎರಡನೆಯ ಬಗೆ ಮನೆಯ ಹೆಂಗಸರಿಗೆ ಗೊತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆಂದರೆ ಅಟ್ಟದಿಂದ ತೊಟ್ಟಿಲು ಇಳಿಯುತ್ತದೆ, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಬಿಸಿಲಿಗೆ ಹಾಕುತ್ತಾರೆ, ಬಾಣಂತಿ ಕೋಣೆಗೆ ಗಾಳಿ ನುಗ್ಗದಂತೆ ಕಿಟಕಿಯ ಸಂದಿ ಮುಚ್ಚುತ್ತಾರೆ. ಎರಡರಲ್ಲಿಯೂ ಕೆಲಸ ಒಂದೇ, ಗುಡಿಸುವುದು, ಒರೆಸುವುದು, ಜೋಡಿಸುವುದು. ಆದರೆ ಒಂದನ್ನು ಭಯ ಮಾಡಿಸುತ್ತದೆ, ಇನ್ನೊಂದನ್ನು ಪ್ರೀತಿ ಮಾಡಿಸುತ್ತದೆ.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ದಿನಗಳನ್ನು ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಅಡ್ವೆಂಟ್ ಎಂಬ ಹೆಸರೂ ನಮ್ಮ ಸಭೆಗಳಲ್ಲಿ ಬಳಕೆಯಲ್ಲಿದೆ. ಹೊರಗಿನಿಂದ ನೋಡುವವರಿಗೆ ಡಿಸೆಂಬರ್ ಎಂದರೆ ನಕ್ಷತ್ರ, ಗೋದಲಿ, ಕೇಕು. ಆದರೆ ಸಭೆಯ ಪಂಚಾಂಗದ ಪ್ರಕಾರ ಹಬ್ಬ ತೊಡಗುವುದು 25ನೇ ತಾರೀಕಿಗೆ. ಅದಕ್ಕೆ ಮೊದಲಿನ ವಾರಗಳು ಹಬ್ಬದ ದಿನಗಳಲ್ಲ, ಹೃದಯವನ್ನು ಸಿದ್ಧಮಾಡಿಕೊಳ್ಳುವ ದಿನಗಳು. ಹಾಗಾದರೆ ಈ ಸಿದ್ಧತೆ ಯಾವ ಬಗೆಯದು? ಇನ್‌ಸ್ಪೆಕ್ಷನ್ನಿನದೋ, ತೊಟ್ಟಿಲಿನದೋ? ಈ ಪ್ರಶ್ನೆಯನ್ನು ಹಿಡಿದು ಚರಿತ್ರೆಯ ಪುಟಗಳನ್ನು ತಿರುವಿದರೆ ಸುಮಾರು ಹದಿನಾರು ನೂರು ವರ್ಷಗಳಿಂದ ಕ್ರೈಸ್ತ ಸಭೆ ಈ ಎರಡರ ನಡುವೆ ಓಲಾಡುತ್ತ ಬಂದಿರುವುದು ಕಾಣುತ್ತದೆ.

ಮೊದಲು ಆ ಹೆಸರನ್ನೇ ನೋಡೋಣ. ಲ್ಯಾಟಿನಿನ 'ಅಡ್ವೆಂಟಸ್' ಎಂದರೆ ಬರುವಿಕೆ. ಇದು ಸಭೆಯವರು ಹುಟ್ಟಿಸಿದ ಶಬ್ದವಲ್ಲ, ಅರಮನೆಯ ಶಬ್ದ. ರೋಮಿನ ಚಕ್ರವರ್ತಿ ಒಂದು ಪಟ್ಟಣಕ್ಕೆ ಸವಾರಿ ಬಂದರೆ ಅದಕ್ಕೆ ಅಡ್ವೆಂಟಸ್ ಎಂದು ಹೆಸರು. ಊರಿನವರೆಲ್ಲ ಕೋಟೆ ಬಾಗಿಲ ಹೊರಗೆ ಹೋಗಿ ಎದುರುಗೊಳ್ಳಬೇಕು. ಕ್ರಿ.ಶ. 117ರಿಂದ 138ರವರೆಗೆ ಆಳಿದ ಹೇಡ್ರಿಯನ್ ತನ್ನ ರಾಜ್ಯದ ಪ್ರಾಂತಗಳನ್ನು ಸುತ್ತಿದ ಚಕ್ರವರ್ತಿ. ಅವನ ಭೇಟಿಗಳ ನೆನಪಿಗೆ ಈ ಶಬ್ದವನ್ನೇ ಅಚ್ಚೊತ್ತಿದ ನಾಣ್ಯಗಳು ಹೊರಟವು. ಚಕ್ರವರ್ತಿ ಬರುವ ದಾರಿ ಹೇಗಿರಬೇಕೆಂಬುದನ್ನು ನಾವು ಊಹಿಸಬಲ್ಲೆವು. ಮಂತ್ರಿಗಳು ಬರುತ್ತಾರೆಂದರೆ ನಮ್ಮ ಊರಿನ ರಸ್ತೆಗೂ ಒಂದೇ ರಾತ್ರಿಯಲ್ಲಿ ಡಾಂಬರು ಬೀಳುವುದಿಲ್ಲವೇ! ಯೆಶಾಯನ ಗ್ರಂಥದಲ್ಲಿಯೂ ಸ್ನಾನಿಕ ಯೋಹಾನನ ಬೋಧನೆಯಲ್ಲಿಯೂ ಇದೇ ಚಿತ್ರವಿದೆ. ತಗ್ಗನ್ನು ತುಂಬಿಸಿ, ಗುಡ್ಡವನ್ನು ಇಳಿಸಿ, ಸೊಟ್ಟಗಿರುವುದನ್ನು ನೆಟ್ಟಗೆ ಮಾಡಬೇಕಾದ ದಾರಿಯ ಚಿತ್ರ. ಯೋಹಾನನು ಆ ದಾರಿಯನ್ನು ಮರಳುಗಾಡಿನಿಂದ ತಂದು ಮನುಷ್ಯನ ಎದೆಯೊಳಗೆ ಹಾಕಿದ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲೆಂದ.

ಈ ಕಾಲದ ಬಗ್ಗೆ ದೊರೆಯುವ ಹಳೆಯ ದಾಖಲೆಗಳಲ್ಲೊಂದು ಸ್ಪೇನಿನದು. ಕ್ರಿ.ಶ. 380ರಲ್ಲಿ ಸರಗೋಸ ಪಟ್ಟಣದಲ್ಲಿ ಕೂಡಿದ ಬಿಷಪರ ಸಭೆಯು ಡಿಸೆಂಬರ್ 17ರಿಂದ ಜನವರಿ 6ರವರೆಗೆ, ಇಪ್ಪತ್ತೊಂದು ದಿನ, ಯಾರೂ ದೇವಾಲಯಕ್ಕೆ ಗೈರುಹಾಜರಾಗಬಾರದೆಂದು ವಿಧಿಸಿತು. ಆ ದಿನಗಳಲ್ಲಿ ಮನೆಯೊಳಗೆ ಅಡಗಿ ಕೂರಬಾರದು, ತೋಟಕ್ಕೋ ಬೆಟ್ಟಕ್ಕೋ ಹೊರಟುಹೋಗಬಾರದು. ಆ ನಿಯಮದಲ್ಲಿ ಕ್ರಿಸ್‌ಮಸ್ಸಿನ ಹೆಸರಿಲ್ಲ. ಆದರೂ ವರ್ಷದ ಕೊನೆಯ ಈ ದಿನಗಳಲ್ಲಿ ಮನುಷ್ಯ ಚದುರಿಹೋಗದೆ ಒಂದೆಡೆ ಕೂಡಿರಬೇಕೆಂಬ ಭಾವನೆ ಆಗಲೇ ಇತ್ತು. ಹಾಜರಿ ಕರೆಯುವ ಕೆಲಸದಲ್ಲಿ ಆಯುಷ್ಯ ಕಳೆದ ನನಗೆ ಇದು ಬಹಳ ಹಿಡಿಸಿತು. ಕಲಿಯುವುದು ಬಿಡುವುದು ಆಮೇಲಿನ ಮಾತು, ಮೊದಲು ಬಂದು ಕುಳಿತಿರಬೇಕು.

ಅಲ್ಲಿಂದ ಮುಂದೆ ಎರಡು ಹೊಳೆಗಳು ಬೇರೆ ಬೇರೆಯಾಗಿ ಹರಿದವು. ಮೊದಲನೆಯದು ಈಗಿನ ಫ್ರಾನ್ಸಿನ, ಅಂದಿನ ಗಾಲ್ ದೇಶದ ಹೊಳೆ. 5ನೇ ಶತಮಾನದಲ್ಲಿ ಟೂರ್ ಪಟ್ಟಣದ ಬಿಷಪನಾಗಿದ್ದ ಪರ್ಪೆಚುವಸನು ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಕ್ರಿಸ್‌ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ಗೊತ್ತುಮಾಡಿದನೆಂದು, ಅದೇ ಪೀಠದಲ್ಲಿ ಮುಂದಿನ ಶತಮಾನದಲ್ಲಿ ಕುಳಿತ ಚರಿತ್ರೆಕಾರ ಗ್ರೆಗರಿ ಬರೆದಿಟ್ಟಿದ್ದಾನೆ. 6ನೇ ಶತಮಾನದ ಕೊನೆಗೆ ಮಾಕೋನ್ ಎಂಬಲ್ಲಿ ಕೂಡಿದ ಸಭೆ ಈ ಉಪವಾಸವನ್ನು ಸೋಮವಾರ, ಬುಧವಾರ, ಶುಕ್ರವಾರಗಳಿಗೆ ನಿಗದಿಮಾಡಿತು. ಮಾರ್ಟಿನನ ಹಬ್ಬದಿಂದಲೇ ಉಪವಾಸ ತೊಡಗಿದ್ದು ನನಗೆ ಅರ್ಥವತ್ತಾಗಿ ಕಾಣುತ್ತದೆ. ಮಾರ್ಟಿನ್ ಸಿಪಾಯಿಯಾಗಿದ್ದಾಗ ಚಳಿಯಲ್ಲಿ ನಡುಗುವ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂಬ ಕಥೆ ಯುರೋಪಿನಲ್ಲೆಲ್ಲ ಪ್ರಸಿದ್ಧ. ಯೋಹಾನ ಹೇಳಿದ್ದನ್ನು ಮಾರ್ಟಿನ್ ಮಾಡಿದ. ಹೊಟ್ಟೆ ಬಿಗಿಹಿಡಿಯುವುದು ಪುಣ್ಯದ ಲೆಕ್ಕಕ್ಕಲ್ಲ, ಉಳಿದದ್ದು ಇನ್ನೊಬ್ಬನ ಪಾಲಿಗೆ ಹೋಗಲಿ ಎಂದು. ಆದರೂ ಗಾಲಿನ ಆಗಮನ ಕಾಲದಲ್ಲಿ ಭಯದ ಬಣ್ಣ ಹೆಚ್ಚು. ಬರುವವನು ನ್ಯಾಯಾಧಿಪತಿ, ಕಡತಗಳು ಸರಿಯಾಗಿರಬೇಕು. ಇದು ಇನ್‌ಸ್ಪೆಕ್ಷನ್ನಿನ ಸಿದ್ಧತೆ.

ಎರಡನೆಯ ಹೊಳೆ ರೋಮಿನದು. ಅಲ್ಲಿ ಕಾಲ ಚಿಕ್ಕದು. 590ರಿಂದ 604ರವರೆಗೆ ಪೋಪನಾಗಿದ್ದ ಮಹಾ ಗ್ರೆಗರಿಯ ಹೊತ್ತಿಗೆ ನಾಲ್ಕು ಭಾನುವಾರಗಳ ಪದ್ಧತಿ ಅಲ್ಲಿ ರೂಪುಗೊಳ್ಳುತ್ತಿತ್ತು. ಈ ಗ್ರೆಗರಿ ಬೇರೆ, ಟೂರಿನ ಗ್ರೆಗರಿ ಬೇರೆ. ರೋಮಿನವರ ಗಮನ ಹೆಚ್ಚಾಗಿ ಹುಟ್ಟಲಿರುವ ಮಗುವಿನ ಕಡೆಗೆ. ಹಾಗೆಂದು ಅಲ್ಲಿ ಭಯವೇ ಇರಲಿಲ್ಲವೆಂದಲ್ಲ. ಗ್ರೆಗರಿ ಪಟ್ಟಕ್ಕೆ ಬಂದಾಗ ರೋಮಿನಲ್ಲಿ ಪ್ಲೇಗು ಹಬ್ಬಿತ್ತು. ಅವನ ಆಗಮನ ಕಾಲದ ಒಂದು ಬೋಧನೆಯಲ್ಲಿ ಆಗತಾನೇ ಬೀಸಿದ ಬಿರುಗಾಳಿ ಮರಗಳನ್ನೂ ಮನೆಗಳನ್ನೂ ಉರುಳಿಸಿದ ಮಾತು ಬರುತ್ತದೆ. ಆದರೂ ಒಟ್ಟಿನಲ್ಲಿ ರೋಮಿನದು ತೊಟ್ಟಿಲು ಇಳಿಸುವ ಸಿದ್ಧತೆ.

ಮುಂದಿನ ಶತಮಾನಗಳಲ್ಲಿ ಈ ಎರಡು ಹೊಳೆಗಳು ಸೇರಿ ಒಂದಾದವು. ಸೇರಿದ ಗುರುತು ಇಂದಿಗೂ ಉಳಿದಿದೆ. ಕಥೋಲಿಕರ ದೇವಾಲಯಕ್ಕೆ ಈ ದಿನಗಳಲ್ಲಿ ಹೋದರೆ ಗುರುಗಳ ವಸ್ತ್ರ ನೇರಳೆ ಬಣ್ಣದ್ದು. ಅದು ಪಶ್ಚಾತ್ತಾಪದ ಬಣ್ಣ, ತಪಸ್ಸು ಕಾಲದಲ್ಲಿಯೂ ಅದೇ. ಭಾನುವಾರಗಳಲ್ಲಿ ಹಾಡುವ ಗ್ಲೋರಿಯ ಎಂಬ ಸ್ತುತಿಗೀತೆಯನ್ನು ಆಗ ಹಾಡುವುದಿಲ್ಲ. ಅದನ್ನು ಕ್ರಿಸ್‌ಮಸ್ ರಾತ್ರಿಗೆ ಕಾಯ್ದಿಡುತ್ತಾರೆ. ಆದರೆ ತಪಸ್ಸು ಕಾಲದಲ್ಲಿ ಮೌನವಾಗುವ ಹಲ್ಲೆಲೂಯ ಆಗಮನ ಕಾಲದಲ್ಲಿ ಮೌನವಾಗುವುದಿಲ್ಲ. ನೇರಳೆ ಬಟ್ಟೆ ಗಾಲಿನದು, ಹಲ್ಲೆಲೂಯ ರೋಮಿನದು ಎಂದು ನಾನು ನೆನಪಿಟ್ಟುಕೊಳ್ಳುತ್ತೇನೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ನವೆಂಬರ್ 15ರಿಂದ ನಲವತ್ತು ದಿನಗಳ ಉಪವಾಸವಿದೆ. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದ ಇಪ್ಪತ್ತೈದು ದಿನಗಳ ನೋಂಬು ಇದೆ. ಅಲ್ಲಿಂದ ಬಂದು ನಮ್ಮ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಡಿಸೆಂಬರ್ ಪೂರ್ತಿ ಮೀನು ಮುಟ್ಟುತ್ತಿರಲಿಲ್ಲ. ಕರಾವಳಿಯವರಿಗೆ ಇದು ಎಂಥ ತ್ಯಾಗವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಬರುವಿಕೆಗಳ ನಡುವೆ ಮೂರನೆಯದೊಂದಿದೆಯೆಂದು ತೋರಿಸಿಕೊಟ್ಟವನು ಕ್ಲೇರ್ವೋ ಮಠದ ಬರ್ನಾರ್ಡ್. 1090ರಲ್ಲಿ ಹುಟ್ಟಿ 1153ರಲ್ಲಿ ತೀರಿಕೊಂಡ ಈ ಸಂನ್ಯಾಸಿ ತನ್ನ ಮಠದವರಿಗೆ ಆಗಮನ ಕಾಲದಲ್ಲಿ ಮಾಡಿದ ಬೋಧನೆಗಳು ಉಳಿದು ಬಂದಿವೆ. ಅವನ ವಿಚಾರದ ಸಾರ ಇಷ್ಟು. ಕ್ರಿಸ್ತನ ಮೊದಲ ಬರುವಿಕೆ ಬೆತ್ಲೆಹೇಮಿನಲ್ಲಿ, ಬಲಹೀನವಾದ ಮೈಯಲ್ಲಿ. ಕೊನೆಯದು ಯುಗದ ಅಂತ್ಯದಲ್ಲಿ, ಮಹಿಮೆಯಲ್ಲಿ. ಇವೆರಡನ್ನು ಎಲ್ಲರೂ ಕಾಣುವರು. ನಡುವಿನದೊಂದು ಗುಟ್ಟಾದ ಬರುವಿಕೆ, ಅದು ಹೃದಯದೊಳಗೆ, ದಿನದಿನವೂ. ಮೊದಲನೆಯದರಿಂದ ಕೊನೆಯದಕ್ಕೆ ನಡೆದುಹೋಗುವ ದಾರಿಯೇ ಈ ನಡುವಿನದು. ಇದನ್ನು ಓದಿದಾಗ ನನಗೆ ನೆನಪಾದದ್ದು ಬರ್ನಾರ್ಡನ ಹೆಸರನ್ನೇ ಕೇಳಿರದ ನನ್ನ ಅಮ್ಮ.

ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಮನೆ. ಅಮ್ಮ ಓದಿದ್ದು ಐದನೆಯ ಇಯತ್ತೆ. ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಂಚಿನ ಶನಿವಾರ ಅವಳಿಗೆ ಒಂದು ನೇಮವಿತ್ತು. ವರ್ಷದಲ್ಲಿ ಎರವಲು ತಂದದ್ದೆಲ್ಲ ಅಂದು ವಾಪಸು ಹೋಗಬೇಕು. ನೆರೆಮನೆಯ ಹಿತ್ತಾಳೆ ಕೊಡಪಾನ, ಯಾರದೋ ಮದುವೆಗೆ ತಂದ ಚಾಪೆ, ಅರ್ಧ ಸೇರು ಸಕ್ಕರೆ, ಮೀನಿನ ಬಾಯಿಗೆ ಕೊಡಬೇಕಾದ ಎರಡು ರೂಪಾಯಿ. ಎಲ್ಲವನ್ನೂ ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಹಂಚುವ ಕೆಲಸ ನಮ್ಮದು. ಅದು ಮುಗಿಯುವ ತನಕ ಕುಸ್ವಾರಿಗೆ ಹಿಟ್ಟು ಕಲಸುತ್ತಿರಲಿಲ್ಲ. ನೇವ್ರಿ, ಕಿಡಿಯೊಗಳ ಆಸೆಗೆ ನಾವು ಮಕ್ಕಳು ಓಡಿ ಓಡಿ ಸಾಲ ತೀರಿಸುತ್ತಿದ್ದೆವು.

ಆ ಪಟ್ಟಿಯಲ್ಲಿ ಪ್ರತಿವರ್ಷ ಒಂದು ಹೆಸರು ಅಳಿಯದೆ ಉಳಿಯುತ್ತಿತ್ತು. ಅದು ಅವಳ ತಮ್ಮ, ನಮ್ಮ ಸಣ್ಣ ಮಾವನ ಹೆಸರು. ಅಜ್ಜಿ ತೀರಿಕೊಂಡ ಮೇಲೆ ಅಮ್ಮನಿಗೆಂದು ಹೇಳಿಟ್ಟಿದ್ದ ಎರಡೆಳೆ ಸರವನ್ನು ಮಾವ ಯಾರಿಗೂ ಹೇಳದೆ ಮಾರಿದ್ದರು. ಎಂಟು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ. ನ್ಯಾಯ ನೋಡಿದರೆ ಕೊಡಬೇಕಾದವರು ಅವರು, ಬರಬೇಕಾದದ್ದು ಅಮ್ಮನಿಗೆ. ಹಾಗಿದ್ದೂ ಆ ಹೆಸರನ್ನು ಅವಳು ತಾನು ತೀರಿಸಬೇಕಾದವರ ಸಾಲಿನಲ್ಲಿ ಏಕೆ ಬರೆಯುತ್ತಾಳೆಂಬುದು ನನಗೆ ತಿಳಿಯುತ್ತಿರಲಿಲ್ಲ.

1984ರಲ್ಲಿ ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಆ ಆಗಮನ ಕಾಲದ ಎರಡನೆಯ ವಾರ ಅಮ್ಮ ನನ್ನನ್ನು ಕರೆದುಕೊಂಡು ಉಡುಪಿ ಕಡೆಯ ಬಸ್ಸು ಹತ್ತಿದಳು. ಮಾವನ ಮನೆಯ ಜಗಲಿಯಲ್ಲಿ ನಮ್ಮನ್ನು ಕೂರಿಸಿದರು. ಅತ್ತೆ ಚಹಾ ತಂದಿಟ್ಟು ಒಳಗೆ ಹೋದರು. ಮಾವ ಕಂಬಕ್ಕೆ ಒರಗಿ ಅಂಗಳ ನೋಡುತ್ತಿದ್ದರು. ಅಮ್ಮ ಸರದ ಮಾತು ಎತ್ತಲಿಲ್ಲ. "ತಮ್ಮಾ, ಎಂಟು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅದನ್ನು ಇಲ್ಲಿ ಬಿಟ್ಟು ಹೋಗಲಿಕ್ಕೆ ಬಂದೆ. ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಬಾ" ಎಂದಳು. ಮಾವ "ನೋಡುವ ಅಕ್ಕಾ" ಎಂದರು. ಅಷ್ಟೇ. ಅವರು ಆ ಹಬ್ಬಕ್ಕೆ ಬರಲಿಲ್ಲ. ನನಗೆ ಅವಮಾನವಾದಂತೆನಿಸಿತು, ಅಮ್ಮನಿಗೆ ಆಗಲಿಲ್ಲ. "ಬರುವುದು ಬಿಡುವುದು ಅವನ ಲೆಕ್ಕ. ನನ್ನ ಕಡೆಯ ಬಾಕಿ ತೀರಿತು" ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದಳು. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಡಬ್ಬಿ ಕುಸ್ವಾರ್ ಅವರ ಪಾಲಿಗೆಂದು ತೆಗೆದಿಟ್ಟು ಕಾದಳು.

ಕಾಯುವುದನ್ನು ಮಕ್ಕಳಿಗೆ ಕಲಿಸುವುದು ಬಹಳ ಕಷ್ಟದ ಪಾಠ. ಅದನ್ನು ಚೆನ್ನಾಗಿ ಕಲಿಸಿದವನೊಬ್ಬ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ. ಯೋಹಾನ್ ಹಿನ್‌ರಿಖ್ ವಿಖರ್ನ್ ಎಂಬ ದೇವಶಾಸ್ತ್ರಜ್ಞ 1833ರಲ್ಲಿ ದಿಕ್ಕಿಲ್ಲದ ಬಡ ಮಕ್ಕಳಿಗಾಗಿ ರೌಹೆಸ್ ಹೌಸ್ ಎಂಬ ಆಶ್ರಯಧಾಮವನ್ನು ತೆರೆದ. ಕ್ರಿಸ್‌ಮಸ್ ಎಂದಿಗೆ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರು. ಅವನು ಮಕ್ಕಳನ್ನು ಗದರಿಸಲಿಲ್ಲ. 1839ರಲ್ಲಿ ಮರದ ಹಳೆಯ ಗಾಡಿಚಕ್ರವೊಂದನ್ನು ತೆಗೆದುಕೊಂಡು ಅದರ ಮೇಲೆ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿಗಳನ್ನೂ ಇಪ್ಪತ್ತು ಚಿಕ್ಕ ಕೆಂಪು ಬತ್ತಿಗಳನ್ನೂ ನಿಲ್ಲಿಸಿದ. ದಿನಕ್ಕೊಂದು ಕೆಂಪು ಬತ್ತಿ, ಭಾನುವಾರಕ್ಕೊಂದು ಬಿಳಿ ಬತ್ತಿ. ಆ ವರ್ಷ ಡಿಸೆಂಬರ್ 1 ಭಾನುವಾರ. ಆದ್ದರಿಂದ 24ರವರೆಗೆ ನಾಲ್ಕು ಭಾನುವಾರ, ಇಪ್ಪತ್ತು ವಾರದ ದಿನ. ಲೆಕ್ಕ ಸರಿಯಾಯಿತು. ಮಕ್ಕಳು ಎಣಿಕೆ ಕಲಿತರು, ಕತ್ತಲೆ ಹೆಚ್ಚುವ ಚಳಿಗಾಲದಲ್ಲಿ ಬೆಳಕು ಒಂದೊಂದಾಗಿ ಹೆಚ್ಚುವುದನ್ನೂ ಕಂಡರು. ಇಂದು ಲೋಕದ ಹಲವು ದೇವಾಲಯಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ಮಾಲೆಯ ಮೂಲ ಈ ಗಾಡಿಚಕ್ರ. ದಿಕ್ಕಿಲ್ಲದ ಮಕ್ಕಳಿಗೆ ಯಾರೂ ಬರುವುದಾಗಿ ಹೇಳಿ ಬಂದದ್ದಿಲ್ಲ. ಅಂಥವರಿಗೆ ಬರುವವನೊಬ್ಬನಿದ್ದಾನೆಂದು ನಂಬಿಸಲು ದಿನಕ್ಕೊಂದು ಬತ್ತಿ ಬೇಕಾಯಿತೇನೋ.

ವಿಖರ್ನ್ ತನ್ನ ಧಾಮವನ್ನು ತೆರೆದ ಮರುವರ್ಷ, 1834ರಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮುಂದೆ ಮೋಗ್ಲಿಂಗರ 'ಮಂಗಳೂರು ಸಮಾಚಾರ', ಕಿಟ್ಟೆಲರ ನಿಘಂಟು ಎಲ್ಲ ಈ ಮಿಶನ್ನಿನಿಂದ ಬಂದದ್ದನ್ನು ಕನ್ನಡಿಗರು ಬಲ್ಲರು. ಅವರು ಬಂದದ್ದು ಆಗಮನ ಕಾಲವನ್ನು ಆಚರಿಸುತ್ತಿದ್ದ ಜರ್ಮನ್ ನಾಡುಗಳಿಂದ. ಅಲ್ಲಿ 19ನೇ ಶತಮಾನದಲ್ಲಿ ಕೆಲವು ಮನೆಗಳ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತನಾಲ್ಕು ಗೆರೆ ಎಳೆದು ಮಕ್ಕಳಿಂದ ದಿನಕ್ಕೊಂದನ್ನು ಅಳಿಸುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಮ್ಯೂನಿಕ್ಕಿನ ಗೆರ್ಹಾರ್ಡ್ ಲಾಂಗ್ ಎಂಬಾತ ಆ ಎಣಿಕೆಯನ್ನು ಚಿತ್ರದ ಕ್ಯಾಲೆಂಡರಾಗಿ ಮುದ್ರಿಸಿದ. ಅದರ ಪುಟ್ಟ ಕಿಟಕಿಗಳ ಹಿಂದೆ ಆಮೇಲೆ ಚಾಕಲೇಟು ಬಂತು, ಅಂಗಡಿಯವರ ಆಗಮನವೂ ಆಯಿತು. ಉಪವಾಸದಿಂದ ತೊಡಗಿದ ಕಾಲ ಚಾಕಲೇಟಿಗೆ ಬಂದು ಮುಟ್ಟಿದ್ದು ಚರಿತ್ರೆಯ ತಮಾಷೆ. ಆದರೂ ನಾನು ಆ ಸೀಮೆಸುಣ್ಣದ ಗೆರೆಯ ಪಕ್ಷ. ಕೊಂಡು ತರುವುದಕ್ಕಿಂತ ಅಳಿಸುವುದು ಒಳ್ಳೆಯ ಸಿದ್ಧತೆ.

ಎಷ್ಟು ಅಳಿಸಿದರೂ ಎಷ್ಟು ಗುಡಿಸಿದರೂ ಬರುವವನನ್ನು ಬರಿಸುವುದು ನಮ್ಮ ಕೈಯಲ್ಲಿಲ್ಲ. ಇದನ್ನು ಬಲ್ಲವರು ಸೆರೆಮನೆಯಲ್ಲಿ ಆಗಮನ ಕಾಲ ಕಳೆದವರು. ಹಿಟ್ಲರನನ್ನು ಎದುರಿಸಿದ ಪಾದ್ರಿ ಡೀಟ್ರಿಖ್ ಬಾನ್‌ಹಾಫರ್ 1943ರ ನವೆಂಬರಿನಲ್ಲಿ ಬರ್ಲಿನಿನ ಟೇಗಲ್ ಸೆರೆಮನೆಯಿಂದ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಸೆರೆಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದ್ದಾನೆ. ಒಳಗಿರುವವನು ಕಾಯುತ್ತಾನೆ, ಅದೂ ಇದೂ ಮಾಡುತ್ತಾನೆ, ಆದರೆ ಬಾಗಿಲನ್ನು ಹೊರಗಿನಿಂದಲೇ ತೆರೆಯಬೇಕು. ಮರುವರ್ಷ ಅದೇ ಸೆರೆಮನೆಯಲ್ಲಿ ಆಲ್ಫ್ರೆಡ್ ಡೆಲ್ಪ್ ಎಂಬ ಯೇಸುಸಭೆಯ ಗುರು ಕೋಳ ತೊಡಿಸಿದ ಕೈಗಳಿಂದಲೇ ಆಗಮನ ಕಾಲದ ಧ್ಯಾನಗಳನ್ನು ಬರೆದ. 1945ರ ಫೆಬ್ರವರಿ 2ರಂದು ಡೆಲ್ಪನನ್ನೂ ಏಪ್ರಿಲ್ 9ರಂದು ಬಾನ್‌ಹಾಫರನನ್ನೂ ನೇಣು ಹಾಕಿದರು. ಅವರು ಕಾದ ಬಾಗಿಲು ನಾವು ಅಂದುಕೊಳ್ಳುವ ರೀತಿಯಲ್ಲಿ ತೆರೆಯಲಿಲ್ಲ. ಆದರೂ ಕಾದದ್ದು ವ್ಯರ್ಥವೆಂದು ಅವರ ಬರಹ ಓದಿದ ಯಾರೂ ಹೇಳಲಾರರು.

ನಮ್ಮ ಸಣ್ಣ ಮಾವ ಬಂದದ್ದು 1987ರ ಡಿಸೆಂಬರಿನಲ್ಲಿ. ಹಬ್ಬಕ್ಕಲ್ಲ, ಮೊದಲ ವಾರದಲ್ಲೇ ಒಂದು ಮಧ್ಯಾಹ್ನ. ಪೇಟೆಯಲ್ಲಿ ಕೆಲಸವಿತ್ತು ಎಂದರು. ಕುಡಿಯಲು ನೀರು ಕೇಳಿದರು. ಅಮ್ಮ ನೀರು, ಬೆಲ್ಲ ಕೊಟ್ಟಳು. ಆ ವರ್ಷದ ಕುಸ್ವಾರ್ ಇನ್ನೂ ಆಗಿರಲಿಲ್ಲ. ಸರದ ಮಾತು ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಬರುವವರು ನಾವು ಗೊತ್ತುಮಾಡಿದ ದಿನಕ್ಕೆ ಬರುವುದಿಲ್ಲವೆಂದು ಅಂದು ತಿಳಿಯಿತು. ಬರ್ನಾರ್ಡ್ ಹೇಳಿದ ನಡುವಿನ ಬರುವಿಕೆಯೂ ಹೀಗೆಯೇ ಇರಬೇಕು. ಅದಕ್ಕೆ ವಾದ್ಯವಿಲ್ಲ, ನಾಣ್ಯವಿಲ್ಲ, ಒಂದು ಲೋಟ ನೀರು ಕೇಳಿಕೊಂಡು ಬರುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಕಥೋಲಿಕ ಸಭೆ ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ ಈ ಕಾಲವನ್ನು ಭಕ್ತಿಯ, ಸಂತೋಷದ ನಿರೀಕ್ಷೆಯ ಕಾಲವೆಂದು ವಿವರಿಸಿತು. ಡಿಸೆಂಬರ್ 16ರವರೆಗೆ ಕೊನೆಯ ಬರುವಿಕೆಯ ಕಡೆಗೆ ಹೆಚ್ಚು ಗಮನ, 17ರಿಂದ 24ರವರೆಗೆ ಬೆತ್ಲೆಹೇಮಿನ ಕಡೆಗೆ. ಗಾಲೂ ರೋಮೂ ಕೊನೆಗೆ ದಿನ ಹಂಚಿಕೊಂಡವು. ನಮ್ಮಂಥ ಪ್ರೊಟೆಸ್ಟಂಟರಿಗೂ ಇದು ಒಪ್ಪುವ ಮಾತೇ. ಹೃದಯಕ್ಕೆ ಎರಡೂ ಬೇಕು. ಇನ್‌ಸ್ಪೆಕ್ಷನ್ ಇಲ್ಲದಿದ್ದರೆ ಜೇಡರಬಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತೊಟ್ಟಿಲಿನ ನೆನಪಿಲ್ಲದಿದ್ದರೆ ಗುಡಿಸಿದ ಕೋಣೆ ಬರೀ ಖಾಲಿ ಕೋಣೆಯಾಗಿ ಉಳಿಯುತ್ತದೆ.

ಆಗಮನ ಕಾಲದ ಉದ್ದ ಎಲ್ಲ ವರ್ಷವೂ ಒಂದೇ ಅಲ್ಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಎಂದಾದರೂ ಬೀಳಬಹುದು. ಹಾಗಾಗಿ ಕೆಲವು ವರ್ಷ ಇಪ್ಪತ್ತೆಂಟು ದಿನ ಸಿಕ್ಕುತ್ತದೆ, ಕೆಲವು ವರ್ಷ ಇಪ್ಪತ್ತೆರಡೇ. ಇಷ್ಟರಲ್ಲಿ ಮನಸ್ಸನ್ನು ಪೂರ್ತಿ ತೊಳೆಯುವುದು ಯಾರಿಂದಲೂ ಆಗಲಾರದು. ಆದರೆ ಒಂದು ಶನಿವಾರದಲ್ಲಿ ಎರವಲು ಪಾತ್ರೆಗಳನ್ನು ಅವರವರ ಮನೆಗೆ ಮುಟ್ಟಿಸಿ ಬರಬಹುದು. ಯಾವ ಧರ್ಮದವರಿಗಾದರೂ ಸರಿಯೆ, ಕೆಲಸ ಅಲ್ಲಿಂದ ತೊಡಗಿದರೆ ಸುಲಭ. ಮೊದಲು ಪಾತ್ರೆ, ಆಮೇಲೆ ದುಡ್ಡು, ಕೊನೆಗೆ ಮಾತು.